ಆರೆಂಜ್‌ಎಫ್‌ಎಸ್‌ನಲ್ಲಿ ಡೇಟಾ ಹಂಚಿಕೆ ಬದಲಿಸುವುದು: ವೇಗದ ಸರ್ವರ್‌ಗೆ ಹೆಚ್ಚು ಪಾಲು ಕೊಡಬಹುದೇ?

#1 ಶರಾವತಿಕಣಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಯೋಗಾಲಯದಲ್ಲಿ ಪಶ್ಚಿಮ ಘಟ್ಟದ ಮಳೆಯ ಅಧ್ಯಯನಕ್ಕೆ ಡಬ್ಲ್ಯುಆರ್‌ಎಫ್ ಹವಾಮಾನ ಮಾದರಿಯನ್ನು ಓಡಿಸುತ್ತೇವೆ. ಅದರಿಂದ ಬರುವ ಫೈಲ್‌ಗಳು ಬಹಳ ದೊಡ್ಡವು. ಅವುಗಳನ್ನು ಆರು ಸರ್ವರ್‌ಗಳ ಆರೆಂಜ್‌ಎಫ್‌ಎಸ್‌ನಲ್ಲಿ, ಅಂದರೆ ಒಂದೊಂದು ಫೈಲನ್ನೂ ಹಲವು ಸರ್ವರ್‌ಗಳಿಗೆ ಹಂಚಿಡುವ ಫೈಲ್ ಸಿಸ್ಟಂನಲ್ಲಿ ಇಡುತ್ತೇವೆ. ನಾಲ್ಕು ಸರ್ವರ್‌ಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದೆ, ತಲಾ 8 ಟಿಬಿ. ಹೊಸದಾಗಿ ಸೇರಿಸಿದ ಎರಡರಲ್ಲಿ ಎಸ್‌ಎಸ್‌ಡಿ, ತಲಾ 2 ಟಿಬಿ. ಬೇರೆ ಬೇರೆಯಾಗಿ ಅಳೆದು ನೋಡಿದರೆ ಎಸ್‌ಎಸ್‌ಡಿ ಸರ್ವರ್ ಬರೆಯುವ ವೇಗ ಡಿಸ್ಕ್ ಸರ್ವರ್‌ನ ಸುಮಾರು ಮೂರು ಪಟ್ಟು.

ಆದರೂ ಮಾದರಿ ಫೈಲ್ ಬರೆಯುವ ಹೊತ್ತು ಹೆಚ್ಚೇನೂ ತಗ್ಗಿಲ್ಲ. ಕಾರಣ ನನಗೆ ತಿಳಿದಂತೆ ಹೀಗಿದೆ: ಪೂರ್ವನಿಯೋಜಿತ ಹಂಚಿಕೆಯಾದ ಸಿಂಪಲ್ ಸ್ಟ್ರೈಪ್ ಎಲ್ಲರಿಗೂ 64 ಕೆಬಿಯ ಸಮಪಾಲು ಕೊಡುತ್ತದೆ. ನಿಧಾನದ ಸರ್ವರ್ ಮುಗಿಸುವವರೆಗೆ ವೇಗದ ಸರ್ವರ್ ಕೈಕಟ್ಟಿ ಕೂರಬೇಕು. ಮೂಲಕೋಡ್‌ನಲ್ಲಿ ಸಿಂಪಲ್ ಸ್ಟ್ರೈಪ್‌ನ ಲೆಕ್ಕ ಇರುವ ಫೈಲನ್ನು ತೆರೆದು ನೋಡಿದೆ, ಚಿಕ್ಕದಾಗಿಯೇ ಇದೆ. ಅದರಲ್ಲಿ ಎಸ್‌ಎಸ್‌ಡಿ ಇರುವ 0 ಮತ್ತು 1ನೇ ಸರ್ವರ್‌ಗೆ ಪ್ರತಿ ಸುತ್ತಿನಲ್ಲೂ ಮೂರು ಪಾಲು ಹೋಗುವಂತೆ ತಿದ್ದಬೇಕೆಂದಿದ್ದೇನೆ. ಅನುಭವವಿದ್ದವರು ಸಲಹೆ ಕೊಡಿ.

#2 ಕಪ್ಪುಪರದೆ

ತಿದ್ದುವ ಮೊದಲು ದಯವಿಟ್ಟು ಇದನ್ನು ಓದಿ. ಆರೆಂಜ್‌ಎಫ್‌ಎಸ್‌ನ ಪ್ರತಿ ಫೈಲಿನ ಮೆಟಾಡೇಟಾದಲ್ಲಿ (ಫೈಲಿನ ಬಗೆಗಿನ ಮಾಹಿತಿ) ಇರುವುದು ಹಂಚಿಕೆಯ ಹೆಸರು ಮತ್ತು ಅದರ ನಿಯತಾಂಕಗಳು ಮಾತ್ರ. ಲೆಕ್ಕ ಮಾಡುವ ಕೋಡ್ ಅಲ್ಲಿಲ್ಲ. ಫೈಲನ್ನು ತೆರೆದಾಗ ಆ ಹೆಸರು ಹಿಡಿದು ಕೋಡ್ ಹುಡುಕಲಾಗುತ್ತದೆ. ನೀವು ಹೆಸರನ್ನು ಹಾಗೆಯೇ ಬಿಟ್ಟು ಲೆಕ್ಕವನ್ನು ಬದಲಿಸಿದರೆ, ಈಗಾಗಲೇ ಇರುವ ಎಲ್ಲ ಫೈಲ್‌ಗಳೂ ಹೊಸ ಲೆಕ್ಕದಲ್ಲಿ ಓದಲ್ಪಡುತ್ತವೆ. ಬೈಟ್‌ಗಳು ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ, ಆದರೆ ಓದುವವರಿಗೆ ಅವು ಕಲಸಿಹೋಗಿ ಕಾಣುತ್ತವೆ. ದೋಷದ ಸಂದೇಶವೂ ಬರುವುದಿಲ್ಲ. ನಿಮ್ಮ ಹಳೆಯ ಮಳೆಯ ಫೈಲ್‌ಗಳಲ್ಲಿ ತಪ್ಪು ಅಂಕಿಗಳು ಸದ್ದಿಲ್ಲದೆ ಸೇರಿಕೊಳ್ಳುತ್ತವೆ.

ಬದಲಾವಣೆ ಬೇಕೇ ಬೇಕೆಂದರೆ ಹೊಸ ಹೆಸರಿನ ಹೊಸ ಹಂಚಿಕೆಯನ್ನು ಬರೆಯಿರಿ. ಸಿಂಪಲ್ ಸ್ಟ್ರೈಪ್ ಅನ್ನು ಮುಟ್ಟಬೇಡಿ.

#3 ಹೊಸಗಣಕ

ನಾನು ಈ ಕ್ಷೇತ್ರಕ್ಕೆ ಹೊಸಬ. ಕಪ್ಪುಪರದೆ ಸರ್, ಆ ಲೆಕ್ಕ ಎಂದರೆ ನಿಖರವಾಗಿ ಏನು? ಯಾವ ಬೈಟ್ ಯಾವ ಸರ್ವರ್‌ನಲ್ಲಿದೆ ಎಂದು ಎಲ್ಲಿಯೂ ಪಟ್ಟಿ ಇರುವುದಿಲ್ಲವೇ?

#4 ಕಪ್ಪುಪರದೆ

ಪಟ್ಟಿ ಇಲ್ಲ. ಇಡೀ ವಿನ್ಯಾಸದ ಬಲ ಅಲ್ಲೇ ಇದೆ. 1990ರ ದಶಕದಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪಿವಿಎಫ್‌ಎಸ್, ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಜೊತೆಗೂಡಿ ಬೆಳೆದ ಅದರ ಎರಡನೇ ಆವೃತ್ತಿ, ಅದರಿಂದ ಕವಲೊಡೆದ ಆರೆಂಜ್‌ಎಫ್‌ಎಸ್, ಮೂರರಲ್ಲೂ ಬೈಟ್‌ನ ಜಾಗವನ್ನು ಲೆಕ್ಕದಿಂದಲೇ ಕಂಡುಕೊಳ್ಳುತ್ತಾರೆ.

ಒಂದು ಉದಾಹರಣೆ ಬಿಡಿಸೋಣ. ಸ್ಟ್ರಿಪ್ (ಒಂದು ಸುತ್ತಿನಲ್ಲಿ ಒಂದು ಸರ್ವರ್‌ಗೆ ಹೋಗುವ ಪಾಲು) ಅಳತೆ 65,536 ಬೈಟ್, ಸರ್ವರ್‌ಗಳು ನಾಲ್ಕು. ಒಂದು ಸರ್ವರ್‌ನಲ್ಲಿರುವ ಫೈಲಿನ ಭಾಗವನ್ನು ತುಂಡು ಎನ್ನೋಣ, ತುಂಡುಗಳ ಎಣಿಕೆ ಸೊನ್ನೆಯಿಂದ. ಫೈಲಿನ 10,00,000ನೇ ಸ್ಥಾನದ ಬೈಟ್ ಬೇಕು. 65,536ರಿಂದ ಭಾಗಿಸಿದರೆ ಭಾಗಲಬ್ಧ 15, ಶೇಷ 16,960. ಹದಿನೈದನ್ನು ನಾಲ್ಕರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 3. ಅಂದರೆ ಆ ಬೈಟ್ 3ನೇ ಕ್ರಮಾಂಕದ ತುಂಡಿನಲ್ಲಿದೆ, ಆ ತುಂಡಿನಲ್ಲಿ ಅದಕ್ಕೂ ಮೊದಲು ಪೂರ್ತಿಯಾದ ಮೂರು ಸ್ಟ್ರಿಪ್‌ಗಳಿವೆ. ಆ ತುಂಡಿನೊಳಗೆ ಅದರ ಸ್ಥಾನ 3 × 65,536 + 16,960, ಅಂದರೆ 2,13,568. ಕ್ಲೈಂಟ್ (ಫೈಲ್ ಬಳಸುವ ಯಂತ್ರ) ಇದನ್ನು ತಾನೇ ಲೆಕ್ಕ ಹಾಕಿ ನೇರವಾಗಿ ಆ ಸರ್ವರ್‌ನ ಬಾಗಿಲು ತಟ್ಟುತ್ತದೆ. ನಡುವೆ ಯಾರನ್ನೂ ಕೇಳಬೇಕಾಗಿಲ್ಲ.

ಇದೇ ಲೆಕ್ಕ ಹಿಂದುಮುಂದಾಗಿಯೂ ನಡೆಯಬೇಕು. ಯಾಕೆಂದರೆ ಆರೆಂಜ್‌ಎಫ್‌ಎಸ್‌ನಲ್ಲಿ ಹೀಗೆ ಹಂಚಿದ ಫೈಲಿನ ಒಟ್ಟು ಗಾತ್ರ ಒಂದೇ ಕಡೆ ಬರೆದಿಟ್ಟಿರುವುದಿಲ್ಲ. ಪ್ರತಿ ಸರ್ವರ್ ತನ್ನ ತುಂಡು ಎಷ್ಟು ಉದ್ದವಿದೆ ಎಂದು ಹೇಳುತ್ತದೆ. ಪ್ರತಿ ತುಂಡಿನ ಕೊನೆಯ ಬೈಟ್ ಇಡೀ ಫೈಲಿನಲ್ಲಿ ಎಲ್ಲಿ ಬೀಳುತ್ತದೆ ಎಂದು ನೋಡಿ, ಅವುಗಳಲ್ಲಿ ಅತಿ ದೂರದ್ದನ್ನು ಹಿಡಿದು ಗಾತ್ರ ತೀರ್ಮಾನವಾಗುತ್ತದೆ. ಹೊಸ ಹಂಚಿಕೆ ಬರೆಯುವವರು ಮುಂದಿನ ಲೆಕ್ಕವನ್ನು ಸರಿಯಾಗಿ ಬರೆದು ಹಿಂದಿನ ಲೆಕ್ಕದಲ್ಲಿ ಒಂದು ಬೈಟ್ ಎಡವಿದರೂ ಫೈಲಿನ ಬಾಲ ಕತ್ತರಿಸಿ ಹೋಗುತ್ತದೆ.

#5 ಬಿತ್ತನೆಬೀಜ

ಶರಾವತಿಕಣಿವೆ ಅವರೇ, ಹೊಸ ಕೋಡ್ ಯಾಕೆ? ನಿಮಗೆ ಬೇಕಾದದ್ದು ಆಗಲೇ ಇದೆ. ವಾರ್‌ಸ್ಟ್ರಿಪ್ ಎಂಬ ಹಂಚಿಕೆಯಲ್ಲಿ ತುಂಡಿನ ಕ್ರಮಾಂಕಕ್ಕೆ ತಕ್ಕಂತೆ ಬೇರೆ ಬೇರೆ ಅಳತೆ ಕೊಡಬಹುದು. ಡೈರೆಕ್ಟರಿಯ ಮೇಲೆ ವಿಸ್ತೃತ ಗುಣಲಕ್ಷಣವಾಗಿ (ಅದಕ್ಕೆ ಅಂಟಿಸುವ ಹೆಚ್ಚುವರಿ ಮಾಹಿತಿ) ಹಂಚಿಕೆಯ ಹೆಸರನ್ನೂ ನಿಯತಾಂಕವನ್ನೂ ಬರೆದರೆ ಸಾಕು, ಅಲ್ಲಿ ಮುಂದೆ ಹುಟ್ಟುವ ಫೈಲ್‌ಗಳಿಗೆ ಅದೇ ಅನ್ವಯಿಸುತ್ತದೆ.

ಲಾಭದ ಲೆಕ್ಕವೂ ಸರಳ. ಎಸ್‌ಎಸ್‌ಡಿಗೆ 192 ಕೆಬಿ, ಡಿಸ್ಕ್‌ಗೆ 64 ಕೆಬಿ ಎಂದು ಇಟ್ಟರೆ ಒಂದು ಸುತ್ತಿಗೆ 640 ಕೆಬಿ. ಪ್ರತಿ ಡಿಸ್ಕ್ ಸರ್ವರ್‌ಗೆ ಫೈಲಿನ ಹತ್ತರಲ್ಲಿ ಒಂದು ಭಾಗ, ಪ್ರತಿ ಎಸ್‌ಎಸ್‌ಡಿಗೆ ಹತ್ತರಲ್ಲಿ ಮೂರು. ಮೂರು ಪಟ್ಟು ವೇಗ ಇರುವುದರಿಂದ ಎಲ್ಲರೂ ಒಟ್ಟಿಗೆ ಮುಗಿಸುತ್ತಾರೆ. ಸಮಪಾಲಿನಲ್ಲಿ ಡಿಸ್ಕ್ ಸರ್ವರ್ ಆರರಲ್ಲಿ ಒಂದು ಭಾಗ ಹೊರಬೇಕಿತ್ತು. ಆರರ ಜಾಗದಲ್ಲಿ ಹತ್ತು, ಅಂದರೆ ಸುಮಾರು 1.67 ಪಟ್ಟು ವೇಗ ಸಿಗಬೇಕು. ಪಂಕ್ತಿ ಊಟದಲ್ಲಿ ನಿಧಾನವಾಗಿ ಉಣ್ಣುವವರು ಮುಗಿಸದೆ ಯಾರೂ ಏಳುವಂತಿಲ್ಲ. ಅವರ ಎಲೆಗೆ ಕಡಿಮೆ ಬಡಿಸಿದರೆ ಇಡೀ ಪಂಕ್ತಿ ಬೇಗ ಏಳುತ್ತದೆ.

#6 ಕಪ್ಪುಪರದೆ

ಬಿತ್ತನೆಬೀಜ ಅವರ ಲೆಕ್ಕ ಸರಿ. ಆದರೆ ಅದರಲ್ಲಿ ಒಂದು ಊಹೆ ಅಡಗಿದೆ, ಈ ಚರ್ಚೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಅದೇ.

ಹಂಚಿಕೆಯ ಕೋಡ್‌ಗೆ ಸರ್ವರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತುಂಡಿನ ಕ್ರಮಾಂಕ ಮಾತ್ರ: ಸೊನ್ನೆ, ಒಂದು, ಎರಡು ಹೀಗೆ. ಸೊನ್ನೆಯ ತುಂಡು ಯಾವ ಯಂತ್ರದಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಲೇಔಟ್ ಎಂಬ ಬೇರೆಯದೇ ಭಾಗ, ಫೈಲ್ ಹುಟ್ಟುವ ಕ್ಷಣದಲ್ಲಿ. ಪೂರ್ವನಿಯೋಜಿತ ಲೇಔಟ್ ಸರದಿಯದು. ಮೊದಲ ಸರ್ವರ್ ಅನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿಂದ ಕ್ರಮವಾಗಿ ಮುಂದುವರಿಯುತ್ತದೆ. ಎಲ್ಲ ಫೈಲ್‌ಗಳ ಆರಂಭವೂ ಒಂದೇ ಸರ್ವರ್ ಮೇಲೆ ಬೀಳದಿರಲಿ ಎಂಬುದು ಅದರ ಉದ್ದೇಶ, ಸಮಪಾಲಿನ ಹಂಚಿಕೆಗೆ ಅದು ತುಂಬಾ ಒಳ್ಳೆಯದು.

ಈಗ ಅಸಮಪಾಲು ತನ್ನಿ. ದಪ್ಪ ಸ್ಟ್ರಿಪ್‌ಗಳು 0 ಮತ್ತು 1ನೇ ತುಂಡಿಗೆ. ಆರಂಭ ಮೊದಲ ಎಸ್‌ಎಸ್‌ಡಿಯಿಂದಲೇ ಆದರೆ ಮಾತ್ರ ಎರಡೂ ಸರಿಯಾದ ಯಂತ್ರದಲ್ಲಿ ಕೂರುತ್ತವೆ. ಉಳಿದ ಐದೂ ಆರಂಭಗಳಲ್ಲಿ ಕನಿಷ್ಠ ಒಂದು ದಪ್ಪ ಪಾಲು ಡಿಸ್ಕ್ ಸರ್ವರ್‌ಗೆ ಹೋಗುತ್ತದೆ. ಆಗ ಆ ಡಿಸ್ಕ್ ಫೈಲಿನ ಹತ್ತರಲ್ಲಿ ಮೂರು ಭಾಗವನ್ನು ಹೊರಬೇಕು. ಮೊದಲಿದ್ದದ್ದು ಆರರಲ್ಲಿ ಒಂದು. ಅಂದರೆ ಬರೆಯುವ ಹೊತ್ತು 1.8 ಪಟ್ಟಾಗುತ್ತದೆ. ಆರರಲ್ಲಿ ಐದು ಸಲ ಈಗಿನದಕ್ಕಿಂತ ನಿಧಾನ!

ನೀವು ಸಿಂಪಲ್ ಸ್ಟ್ರೈಪ್ ಅನ್ನೇ ತಿದ್ದಿದ್ದರೂ ಇದೇ ಗತಿ. ಆದ್ದರಿಂದ ಅಸಮಪಾಲಿನ ಹಂಚಿಕೆಯನ್ನು ಯಾವಾಗಲೂ ನಿಗದಿತ ಲೇಔಟ್ ಜೊತೆ ಕೊಡಬೇಕು. ಫೈಲ್ ಸೃಷ್ಟಿಸುವ ಕರೆಯಲ್ಲಿ ಸರ್ವರ್ ಪಟ್ಟಿಯ ಕ್ರಮವನ್ನೇ ಅನುಸರಿಸುವ ಲೇಔಟ್ ಇದೆ, ನಾವೇ ಕೊಟ್ಟ ಪಟ್ಟಿಯನ್ನು ಅನುಸರಿಸುವುದೂ ಇದೆ. ಕೊಟ್ಟ ಮೇಲೆ ಪಿವಿಎಫ್‌ಎಸ್2 ವ್ಯೂಡಿಸ್ಟ್ ಆದೇಶದಿಂದ ಒಂದೊಂದು ಫೈಲಿನ ತುಂಡು ಎಲ್ಲಿ ಕೂತಿದೆ ಎಂದು ಕಣ್ಣಾರೆ ನೋಡಿಕೊಳ್ಳಿ.

#7 ಬಿತ್ತನೆಬೀಜ

ಕ್ರಮಾಂಕವೂ ಸರ್ವರ್ ಸಂಖ್ಯೆಯೂ ಬೇರೆ ಎಂಬುದು ಬಹಳ ಉಪಯುಕ್ತ ಮಾಹಿತಿ. ಧನ್ಯವಾದಗಳು.

#8 ಅಘನಾಶಿನಿ

ನಾನು ಲಸ್ಟರ್ ಎಂಬ ಇಂಥದೇ ಇನ್ನೊಂದು ಫೈಲ್ ಸಿಸ್ಟಂ ನೋಡಿಕೊಳ್ಳುವವಳು, ಆರೆಂಜ್‌ಎಫ್‌ಎಸ್ ದಿನನಿತ್ಯದ ಕೆಲಸವಲ್ಲ. ಆದರೂ ಜಾಗದ ವಿಷಯ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ವೇಗದ ಸರ್ವರ್‌ಗಳೇ ಚಿಕ್ಕವು. ಪ್ರತಿ ಎಸ್‌ಎಸ್‌ಡಿಗೆ ಹತ್ತರಲ್ಲಿ ಮೂರು ಭಾಗ ಹೋದರೆ, ಒಟ್ಟು 6.7 ಟಿಬಿಯಷ್ಟು ಡೇಟಾ ಸೇರುವ ಹೊತ್ತಿಗೆ ಎರಡೂ ಎಸ್‌ಎಸ್‌ಡಿ ಭರ್ತಿ. ಆಗ ಪ್ರತಿ ಡಿಸ್ಕಿನಲ್ಲಿ ಕುಳಿತಿರುವುದು 0.67 ಟಿಬಿ ಮಾತ್ರ, ಏಳು ಟಿಬಿಗೂ ಹೆಚ್ಚು ಖಾಲಿ. ಆದರೆ ಹೊಸ ಫೈಲ್ ಬರೆಯಲು ಆಗುವುದಿಲ್ಲ, ಯಾಕೆಂದರೆ ಪ್ರತಿ ಸುತ್ತಿನಲ್ಲೂ ಎಸ್‌ಎಸ್‌ಡಿಗೆ ಒಂದು ಪಾಲು ಹೋಗಲೇಬೇಕು. ಸಮಪಾಲಿನಲ್ಲಾದರೂ 12 ಟಿಬಿಯವರೆಗೆ ಎಳೆಯಬಹುದಿತ್ತು. ನೀವು ಖರೀದಿಸಿರುವುದು ಒಟ್ಟು 36 ಟಿಬಿ!

ವೇಗಕ್ಕೆ ತಕ್ಕ ಪಾಲು, ಜಾಗಕ್ಕೆ ತಕ್ಕ ಪಾಲು ಎರಡೂ ಎದುರುಬದುರಾಗಿ ನಿಂತಾಗ ಒಂದೇ ಫೈಲಿನೊಳಗೆ ಅವುಗಳನ್ನು ರಾಜಿ ಮಾಡಿಸಲು ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಎರಡು ಎಸ್‌ಎಸ್‌ಡಿ ಸರ್ವರ್‌ಗಳದ್ದೇ ಒಂದು ಚಿಕ್ಕ ಫೈಲ್ ಸಿಸ್ಟಂ ಮಾಡಿ, ನಾಲ್ಕು ಡಿಸ್ಕ್ ಸರ್ವರ್‌ಗಳದ್ದು ಇನ್ನೊಂದು. ಓಡುತ್ತಿರುವ ಲೆಕ್ಕಾಚಾರ ಚಿಕ್ಕದರಲ್ಲಿ ಬರೆಯಲಿ, ಮುಗಿದ ಫೈಲ್ ದೊಡ್ಡದಕ್ಕೆ ಹೋಗಲಿ. ಒಳಗೆ ಎಲ್ಲವೂ ಸಮಪಾಲು, ಹೊಸ ಕೋಡ್ ಬೇಡ. ಎರಡು ಎಸ್‌ಎಸ್‌ಡಿ ಮಾತ್ರ ಎಂದರೂ ನಿಮ್ಮದೇ ಅಳತೆಯಂತೆ ಆರು ಡಿಸ್ಕ್‌ನ ವೇಗ.

ನೆಟ್‌ವರ್ಕ್ ಎಷ್ಟರದ್ದು? 1 ಗಿಗಾಬಿಟ್ ಆದರೆ ಒಂದು ಸರ್ವರ್‌ಗೆ ಸೆಕೆಂಡಿಗೆ 125 ಎಂಬಿಗಿಂತ ಹೆಚ್ಚು ಹೋಗುವುದೇ ಇಲ್ಲ, ಆಗ ಎಸ್‌ಎಸ್‌ಡಿ ಇದ್ದೂ ಪ್ರಯೋಜನವಿಲ್ಲ.

#9 ಶರಾವತಿಕಣಿವೆ

ಮೇಡಂ, ನೆಟ್‌ವರ್ಕ್ 10 ಗಿಗಾಬಿಟ್. ಜಾಗದ ಲೆಕ್ಕ ಓದಿ ಯೋಚನೆಗೆ ಬಿದ್ದಿದ್ದೇನೆ. ಎರಡು ಫೈಲ್ ಸಿಸ್ಟಂ ಎಂದರೆ ವಿದ್ಯಾರ್ಥಿಗಳು ಎಲ್ಲಿ ಏನು ಬರೆಯಬೇಕೆಂದು ನೆನಪಿಡಬೇಕಾಗುತ್ತದೆ, ಅದೊಂದು ತೊಡಕು. ಆದರೆ ಕೆಲಸ ಸಲ್ಲಿಸುವ ಸ್ಕ್ರಿಪ್ಟ್‌ನಲ್ಲೇ ಅದನ್ನು ಅಳವಡಿಸಬಹುದು.

#10 ನಂದಿತಪ್ಪಲು

ಡಬ್ಲ್ಯುಆರ್‌ಎಫ್ ಓಡಿಸುವವನಾಗಿ ಒಂದು ಪ್ರಶ್ನೆ. ನಿಮ್ಮ ನೇಮ್‌ಲಿಸ್ಟ್‌ನಲ್ಲಿ (ಮಾದರಿಯ ಸೆಟ್ಟಿಂಗ್ ಫೈಲ್) ಹಿಸ್ಟರಿ ಫೈಲಿನ, ಅಂದರೆ ಫಲಿತಾಂಶದ ಫೈಲಿನ ಐಒ ಫಾರ್ಮ್ (ಬರೆಯುವ ವಿಧಾನದ ಸಂಖ್ಯೆ) ಎಷ್ಟು ಎಂದಿದೆ?

#11 ಶರಾವತಿಕಣಿವೆ

2 ಎಂದಿದೆ. ಮಾದರಿಯ ಜೊತೆ ಬಂದ ನೇಮ್‌ಲಿಸ್ಟ್‌ನಲ್ಲಿ ಹಾಗೆಯೇ ಇತ್ತು.

#12 ನಂದಿತಪ್ಪಲು

ಹಾಗಾದರೆ ನಿಮ್ಮ ಮುಖ್ಯ ತೊಂದರೆ ಹಂಚಿಕೆಯದ್ದಲ್ಲ. 2 ಎಂದರೆ ಸಾಮಾನ್ಯ ನೆಟ್‌ಸಿಡಿಎಫ್ (ವೈಜ್ಞಾನಿಕ ಡೇಟಾದ ಫೈಲ್ ರೂಪ). ಎಲ್ಲ ಪ್ರಕ್ರಿಯೆಗಳೂ ತಮ್ಮ ಡೇಟಾವನ್ನು ಒಂದೇ ಪ್ರಕ್ರಿಯೆಗೆ ಕಳಿಸಿ, ಆ ಒಂದೇ ಪ್ರಕ್ರಿಯೆ ಫೈಲ್ ಬರೆಯುತ್ತದೆ. ಹಿಂದೆ ಆರು ಸರ್ವರ್ ಇರಲಿ, ಅರವತ್ತು ಇರಲಿ, ಎಲ್ಲವೂ ಒಂದು ಯಂತ್ರದ ಒಂದು ಪ್ರಕ್ರಿಯೆಯ ದಾರಿಯಲ್ಲೇ ಬರಬೇಕು. ನೀವು ಎಸ್‌ಎಸ್‌ಡಿ ಸೇರಿಸಿದಾಗ ವೇಗ ಏರದಿರಲು ಇದೇ ದೊಡ್ಡ ಕಾರಣವಿರಬಹುದು.

ಅದರ ಸಮಾನಾಂತರ ರೂಪವಾದ ಪಿನೆಟ್‌ಸಿಡಿಎಫ್ ಜೊತೆ ಮಾದರಿಯನ್ನು ಮತ್ತೆ ಕಂಪೈಲ್ ಮಾಡಿ ಐಒ ಫಾರ್ಮ್ 11 ಎಂದು ಇಡಿ. ಆಗ ಎಲ್ಲರೂ ಸೇರಿ ಒಂದೇ ಫೈಲಿಗೆ ಎಂಪಿಐ-ಐಒ (ಹಲವು ಪ್ರಕ್ರಿಯೆಗಳು ಕೂಡಿ ಫೈಲ್ ಬಳಸುವ ವ್ಯವಸ್ಥೆ) ಮೂಲಕ ಬರೆಯುತ್ತಾರೆ. 102 ಎಂಬ ಆಯ್ಕೆಯೂ ಇದೆ, ಅದರಲ್ಲಿ ಪ್ರಕ್ರಿಯೆಗೊಂದು ಫೈಲ್. ಬರೆಯುವುದು ಬೇಗ, ಆದರೆ ಆಮೇಲೆ ತುಂಡುಗಳನ್ನು ಜೋಡಿಸುವ ಕೆಲಸ ತಲೆಯ ಮೇಲೆ ಬೀಳುತ್ತದೆ. ನಾನು ಸೂಚಿಸುವುದಿಲ್ಲ.

11ಕ್ಕೆ ಹೋದಾಗ ಪ್ರವೇಶದ ರೀತಿಯೇ ಬದಲಾಗುತ್ತದೆ, ಹಂಚಿಕೆಯ ಪ್ರಶ್ನೆ ನಿಜವಾಗಿ ಹುಟ್ಟುವುದು ಅಲ್ಲಿ. ಮಾದರಿಯ ಬಿಂದುಗಳ ಗ್ರಿಡ್ ಅನ್ನು ಆಯತಾಕಾರದ ತೇಪೆಗಳಾಗಿ ಒಡೆದು ಒಂದೊಂದು ಪ್ರಕ್ರಿಯೆಗೆ ಕೊಟ್ಟಿರುತ್ತದೆ. ತೇಪೆಯ ಅಗಲ 50 ಬಿಂದು, ಬಿಂದುವಿಗೆ 4 ಬೈಟ್ ಎಂದುಕೊಳ್ಳಿ. ಫೈಲಿನಲ್ಲಿ ಒಟ್ಟಿಗೆ ಬರುವುದು 200 ಬೈಟ್ ಮಾತ್ರ, ಆಮೇಲೆ ಪಕ್ಕದ ಪ್ರಕ್ರಿಯೆಯ 200 ಬೈಟ್. 64 ಕೆಬಿಯ ಒಂದು ಸ್ಟ್ರಿಪ್‌ನಲ್ಲಿ ಇಂಥ 327 ಚೂರುಗಳು! ಇವುಗಳನ್ನು ಬಿಡಿಬಿಡಿಯಾಗಿ ಕಳಿಸಿದರೆ ಯಾವ ಹಂಚಿಕೆಯೂ ಉಳಿಸಲಾರದು. ಕಲೆಕ್ಟಿವ್ ಬರವಣಿಗೆಯಲ್ಲಿ ಕೆಲವೇ ಪ್ರಕ್ರಿಯೆಗಳು ಎಲ್ಲರ ಚೂರುಗಳನ್ನು ಪಡೆದು, ಕ್ರಮವಾಗಿ ಜೋಡಿಸಿ, ದೊಡ್ಡ ತುಂಡಾಗಿ ಬರೆಯುತ್ತವೆ. ಎಷ್ಟು ಪ್ರಕ್ರಿಯೆಗಳು ಎಂಬುದನ್ನು ರೋಮಿಯೋದ (ಎಂಪಿಐ-ಐಒ ಲೈಬ್ರರಿ) ಸಿಬಿ ನೋಡ್ಸ್ ಸೂಚನೆಯಿಂದ ಹೇಳಬಹುದು.

ಸ್ಟ್ರಿಪ್ ಅಳತೆಯನ್ನು 1 ಎಂಬಿಗೆ ಏರಿಸಿ ನೋಡಿ. ಹಂಚಿಕೆಯ ಹೆಸರು ಅದೇ, ಅಳತೆ ಮಾತ್ರ ಬೇರೆ. ಇದರಲ್ಲಿ ಅಪಾಯವೇನಿಲ್ಲ, ಯಾಕೆಂದರೆ ಅಳತೆ ಫೈಲಿನ ಜೊತೆಗೇ ದಾಖಲಾಗುತ್ತದೆ.

#13 ಅಘನಾಶಿನಿ

ನಂದಿತಪ್ಪಲು ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಯಾರು ಬರೆಯುತ್ತಿದ್ದಾರೆ, ಎಷ್ಟೆಷ್ಟು ಬರೆಯುತ್ತಿದ್ದಾರೆ ಎಂದು ತಿಳಿಯದೆ ಹಂಚಿಕೆಗೆ ಕೈ ಹಾಕಬಾರದು.

ಲಸ್ಟರ್ ಬಳಸುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ವ್ಯತ್ಯಾಸ ಹೇಳುತ್ತೇನೆ. ಲಸ್ಟರ್‌ನಲ್ಲಿ ಹಲವು ಪ್ರಕ್ರಿಯೆಗಳು ಒಂದೇ ಸ್ಟ್ರೈಪ್ ಒಳಗೆ ಬರೆದರೆ ಬೀಗಕ್ಕಾಗಿ ಜಗ್ಗಾಟ ನಡೆಯುತ್ತದೆ. ಆದ್ದರಿಂದ ಗಡಿಗಳನ್ನು ಸ್ಟ್ರೈಪ್‌ಗೆ ಹೊಂದಿಸುವುದು ಅಲ್ಲಿ ಬಹಳ ಮುಖ್ಯ. ಆರೆಂಜ್‌ಎಫ್‌ಎಸ್‌ನಲ್ಲಿ ಅಂಥ ಬೀಗವೇ ಇಲ್ಲ. ಹಾಗೆಂದು ಇಬ್ಬರು ಒಂದೇ ಬೈಟ್‌ಗೆ ಬರೆದರೆ ಯಾರದ್ದು ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ, ಅದನ್ನು ಪ್ರೋಗ್ರಾಂ ನೋಡಿಕೊಳ್ಳಬೇಕು.

ಇನ್ನೊಂದು, ಲಸ್ಟರ್‌ನಲ್ಲಿ ಏನನ್ನೂ ಹೇಳದಿದ್ದರೆ ಒಂದು ಫೈಲ್ ಒಂದೇ ಓಎಸ್‌ಟಿಯಲ್ಲಿ (ಡೇಟಾ ಇಡುವ ಘಟಕ) ಕೂರುತ್ತದೆ. ಎಲ್ಲ ಕಡೆ ಹರಡಬೇಕೆಂದರೆ ಎಲ್‌ಎಫ್‌ಎಸ್ ಸೆಟ್‌ಸ್ಟ್ರೈಪ್ ಆದೇಶದಿಂದ ನಾವೇ ಕೇಳಬೇಕು. 2017ರಲ್ಲಿ ಬಂದ 2.10ರ ಆವೃತ್ತಿಯಿಂದ ಫೈಲ್ ಬೆಳೆದಂತೆ ಹರವು ತಾನೇ ಬೆಳೆಯುವ ಪ್ರಗತಿಶೀಲ ಲೇಔಟ್ ಇದೆ. ಮೊದಲ 4 ಎಂಬಿ ಒಂದು ಕಡೆ, 256 ಎಂಬಿವರೆಗೆ ನಾಲ್ಕು ಕಡೆ, ಆಮೇಲೆ ಎಲ್ಲ ಕಡೆ ಎಂಬಂತೆ. ಚಿಕ್ಕ ಫೈಲೂ ದೊಡ್ಡ ಫೈಲೂ ಒಂದೇ ಡೈರೆಕ್ಟರಿಯಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ನಾನು ಕಂಡಿಲ್ಲ.

ಅಸಮಾನ ಜಾಗಕ್ಕೂ ಅಲ್ಲಿ ಬೇರೆ ದಾರಿ. ಓಎಸ್‌ಟಿಗಳ ಖಾಲಿ ಜಾಗದ ವ್ಯತ್ಯಾಸ ಶೇ. 17 ದಾಟಿದರೆ ಸರದಿ ಬಿಟ್ಟು, ಹೆಚ್ಚು ಖಾಲಿ ಇರುವವುಗಳಿಗೆ ಹೊಸ ಫೈಲ್ ಹೋಗುವ ಸಂಭವ ಹೆಚ್ಚುವಂತೆ ಆಯ್ಕೆ ನಡೆಯುತ್ತದೆ. ಒಂದು ಫೈಲಿನೊಳಗೆ ಪಾಲು ಸಮ, ಯಾರಿಗೆ ಫೈಲ್ ಎಂಬುದರಲ್ಲಿ ಮಾತ್ರ ತಾರತಮ್ಯ.

#14 ಗೇರುಹಣ್ಣು

ಇಂಥದೇ ಇನ್ನೊಂದು ಫೈಲ್ ಸಿಸ್ಟಂ ಆದ ಬೀಜಿಎಫ್‌ಎಸ್ ಬಳಸುವವರಿಗೆ: ಅಲ್ಲಿ ಪೂರ್ವನಿಯೋಜಿತ ಪಾಲು 512 ಕೆಬಿ, ಗುರಿಗಳು (ಡೇಟಾ ಇಡುವ ಘಟಕಗಳು) ನಾಲ್ಕು. ಡೈರೆಕ್ಟರಿಗೆ ಬದಲಿಸಬಹುದು, ಹೊಸ ಫೈಲ್‌ಗಳಿಗೆ ಮಾತ್ರ ಅನ್ವಯ. ಎಸ್‌ಎಸ್‌ಡಿ ಮತ್ತು ಡಿಸ್ಕ್ ಬೇರೆ ಮಾಡಲು ಸ್ಟೋರೇಜ್ ಪೂಲ್‌ಗಳಿವೆ, ಎರಡು ಫೈಲ್ ಸಿಸ್ಟಂ ಬೇಕಿಲ್ಲ.

#15 ಶರಾವತಿಕಣಿವೆ

ಎಲ್ಲರಿಗೂ ಕೃತಜ್ಞತೆ. ಐಒ ಫಾರ್ಮ್ 11ಕ್ಕೆ ಬದಲಿಸಿ, ಸ್ಟ್ರಿಪ್ 1 ಎಂಬಿಗೆ ಏರಿಸಿದೆವು. ಬರೆಯುವ ಹೊತ್ತಿನಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಕೆ ಇದೆ, ಹಂಚಿಕೆಯ ಕೋಡ್ ಮುಟ್ಟದೆಯೇ. ಈಗ ಬರೆಯುವ ಸಮಯದಲ್ಲಿ ನಾಲ್ಕೂ ಡಿಸ್ಕ್‌ಗಳು ಬಿಡುವಿಲ್ಲದೆ ದುಡಿಯುತ್ತಿವೆ, ಎಸ್‌ಎಸ್‌ಡಿಗಳಿಗೆ ಬಿಡುವಿದೆ. ಅಂದರೆ ನನ್ನ ಮೊದಲ ಪ್ರಶ್ನೆಗೆ ಈಗ ಅರ್ಥ ಬಂದಿದೆ. ಆದರೂ ಅಘನಾಶಿನಿ ಮೇಡಂ ಹೇಳಿದಂತೆ ಎರಡು ಫೈಲ್ ಸಿಸ್ಟಂ ಮಾಡಲು ತೀರ್ಮಾನಿಸಿದ್ದೇವೆ.

ಹಳೆಯ ಫೈಲ್‌ಗಳು ಇನ್ನೂ 64 ಕೆಬಿಯಲ್ಲೇ ಇವೆ. ಡೈರೆಕ್ಟರಿಯ ಗುಣಲಕ್ಷಣ ಬದಲಿಸಿದ್ದು ಅವುಗಳಿಗೆ ತಾಗಿಲ್ಲ. ಬೇರೆ ಡೈರೆಕ್ಟರಿಗೆ ಸರಿಸಿದರೂ ಹಾಗೆಯೇ ಇವೆಯಲ್ಲ?

#16 ಕಪ್ಪುಪರದೆ

ಒಂದೇ ಫೈಲ್ ಸಿಸ್ಟಂ ಒಳಗೆ ಸರಿಸಿದರೆ ಹೆಸರಿನ ನಮೂದು ಮಾತ್ರ ಬದಲಾಗುತ್ತದೆ, ಡೇಟಾ ಕದಲುವುದಿಲ್ಲ. ನಕಲು ಮಾಡಬೇಕು. ಹೊಸ ಗುಣಲಕ್ಷಣವಿರುವ ಡೈರೆಕ್ಟರಿಗೆ ನಕಲಿಸಿ, ಎರಡರ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಪರೀಕ್ಷಾ ಸಂಖ್ಯೆ) ಹೋಲಿಸಿ, ಸರಿಯಿದ್ದರೆ ಮಾತ್ರ ಹಳೆಯದನ್ನು ಅಳಿಸಿ. ಆ ಹೊತ್ತಿನಲ್ಲಿ ಯಾರೂ ಆ ಫೈಲಿಗೆ ಬರೆಯದಂತೆ ನೋಡಿಕೊಳ್ಳಿ, ಬೀಗವಿಲ್ಲದ್ದರಿಂದ ನಿಮ್ಮನ್ನು ತಡೆಯುವವರು ಯಾರೂ ಇಲ್ಲ. ಹೇಗೂ ಎರಡು ಫೈಲ್ ಸಿಸ್ಟಂ ಮಾಡುವವರಿದ್ದೀರಿ, ಎಲ್ಲವನ್ನೂ ಸಾಗಿಸಲೇಬೇಕು. ಎರಡು ಕೆಲಸ ಒಂದೇ ಸಲಕ್ಕೆ ಮುಗಿಸಿ. ಆರೆಂಜ್‌ಎಫ್‌ಎಸ್ ಹಂಚುತ್ತದೆಯೇ ಹೊರತು ಹೀಗೆ ಹಂಚಿದ ಫೈಲಿನ ಪ್ರತಿ ಇಟ್ಟುಕೊಳ್ಳುವುದಿಲ್ಲ. ಒಂದು ಸರ್ವರ್ ಹೋದರೆ ಅದರಲ್ಲಿ ತುಂಡಿದ್ದ ಎಲ್ಲ ಫೈಲೂ ಕೈತಪ್ಪುತ್ತವೆ. ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಮುಂದೆ ಯಾರಾದರೂ ನಿಜವಾಗಿಯೂ ಸ್ವಂತ ಹಂಚಿಕೆ ಬರೆಯುವುದಾದರೆ ಗಮನದಲ್ಲಿರಲಿ. ಮುಂದಿನ ಲೆಕ್ಕ, ಹಿಂದಿನ ಲೆಕ್ಕ, ಮುಂದಿನ ಸ್ಟ್ರಿಪ್ ಎಲ್ಲಿ ಆರಂಭ, ಒಂದು ಸ್ಥಾನದಿಂದ ಎಷ್ಟು ಬೈಟ್ ಅಖಂಡವಾಗಿದೆ, ಒಟ್ಟು ಗಾತ್ರ ಎಷ್ಟು, ಇವಿಷ್ಟಕ್ಕೂ ಒಂದೊಂದು ಫಂಕ್ಷನ್ ಬೇಕು. ನಿಯತಾಂಕಗಳು ನೆಟ್‌ವರ್ಕ್ ಮೇಲೆ ಹೋಗುವುದರಿಂದ ಅವುಗಳನ್ನು ಕಟ್ಟುವ, ಬಿಚ್ಚುವ ಕೋಡೂ ಬೇಕು. ಹೊಸ ಹಂಚಿಕೆಯನ್ನು ಆರಂಭದಲ್ಲಿ ನೋಂದಾಯಿಸಬೇಕು. ಸರ್ವರ್ ಮತ್ತು ಕ್ಲೈಂಟ್ ಎರಡೂ ಕಡೆ ಅದೇ ಆವೃತ್ತಿ ಇರಬೇಕು. ಲಿನಕ್ಸ್ 4.6ರಿಂದ ಕರ್ನಲ್ ಒಳಗೇ ಇರುವ ಆರೆಂಜ್‌ಎಫ್‌ಎಸ್ ಭಾಗವನ್ನು ಮುಟ್ಟಬೇಕಿಲ್ಲ, ಹಂಚಿಕೆಯ ಲೆಕ್ಕ ನಡೆಯುವುದು ಅದರ ಹೊರಗಿನ ಕ್ಲೈಂಟ್ ಪ್ರೋಗ್ರಾಂನಲ್ಲಿ. ಅದನ್ನು ಎಲ್ಲ ನೋಡ್‌ಗಳಲ್ಲೂ ಬದಲಿಸಿ ಮತ್ತೆ ಆರಂಭಿಸಿದರೆ ಸಾಕು. ಪರೀಕ್ಷೆಗೆ ಪ್ರತಿ ಸ್ಥಾನವನ್ನೂ ಮುಂದಕ್ಕೆ ಲೆಕ್ಕ ಹಾಕಿ, ಅಲ್ಲಿಂದ ಹಿಂದಕ್ಕೆ ಬಂದು, ಹೊರಟಲ್ಲಿಗೇ ತಲುಪುತ್ತೀರಾ ನೋಡಿ. ಸ್ಟ್ರಿಪ್ ಗಡಿಯ ಹಿಂದಿನ ಬೈಟ್, ಗಡಿಯ ಬೈಟ್, ನಡುವೆ ಖಾಲಿ ಬಿಟ್ಟ ಫೈಲ್, ಇವುಗಳನ್ನು ತಪ್ಪದೆ ಪರೀಕ್ಷಿಸಿ.

#17 ಹೊಸಗಣಕ

ಕೊನೆಯದಾಗಿ ಒಂದು ಪ್ರಶ್ನೆ. ಸರ್ವರ್ ಸಂಖ್ಯೆಯಿಂದ ಭಾಗಿಸುವ ಲೆಕ್ಕವಾದರೆ, ನಾಳೆ ಏಳನೆಯ ಸರ್ವರ್ ಸೇರಿಸಿದಾಗ ಹಳೆಯ ಫೈಲ್‌ಗಳ ಲೆಕ್ಕ ತಪ್ಪುವುದಿಲ್ಲವೇ?

#18 ಕಪ್ಪುಪರದೆ

ತಪ್ಪುವುದಿಲ್ಲ. ಭಾಗಿಸುವುದು ಆ ಫೈಲಿನ ತುಂಡುಗಳ ಸಂಖ್ಯೆಯಿಂದ, ಫೈಲ್ ಸಿಸ್ಟಂನ ಸರ್ವರ್ ಸಂಖ್ಯೆಯಿಂದಲ್ಲ. ಆರು ತುಂಡಿನ ಫೈಲ್ ಕೊನೆಯವರೆಗೂ ಆರು ತುಂಡಿನದೇ. ಹೊಸ ಫೈಲ್‌ಗಳು ಏಳಕ್ಕೆ ಹರಡುತ್ತವೆ. ಸೆಫ್‌ನಂಥ ಸಂಗ್ರಹ ವ್ಯವಸ್ಥೆಯಲ್ಲಿ ಮಾತ್ರ ಬೇರೆ: 2006ರಲ್ಲಿ ಪ್ರಕಟವಾದ, ಡೇಟಾದ ಜಾಗ ನಿರ್ಧರಿಸುವ ಅದರ ಕ್ರಷ್ ಲೆಕ್ಕ ಸರ್ವರ್ ನಕ್ಷೆಯನ್ನೇ ಆಧರಿಸಿದ್ದರಿಂದ, ಹೊಸ ಡಿಸ್ಕ್ ಸೇರಿದ ಕೂಡಲೇ ಹಳೆಯ ಡೇಟಾದ ಒಂದು ಪಾಲು ತಾನಾಗಿ ಅಲ್ಲಿಗೆ ಸಾಗುತ್ತದೆ. ಅಲ್ಲಿ ಪ್ರತಿ ಡಿಸ್ಕ್‌ಗೂ ತೂಕ ಕೊಡಬಹುದು, ಆ ತೂಕ ಯಂತ್ರಕ್ಕೇ ಅಂಟಿರುತ್ತದೆ. ಆರೆಂಜ್‌ಎಫ್‌ಎಸ್‌ನಲ್ಲಿ ಏಳನೆಯದನ್ನು ಸೇರಿಸಿದರೆ ಹಳೆಯ ಫೈಲ್‌ಗಳನ್ನು ನೀವೇ ನಕಲಿಸಬೇಕು, ಮೇಲೆ ಹೇಳಿದ ಕ್ರಮದಲ್ಲೇ.